ಸಿದ್ದಲಿಂಗಯ್ಯನ ಮೊಮ್ಮಗ ಸಿದ್ಧಾರ್ಥ

ತಾತ ಸಿದ್ದಲಿಂಗಯ್ಯ, ಮಗ ಸಿದ್ದೇಶ, ಮೊಮ್ಮಗ ಸಿದ್ಧಾರ್ಥ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಈ ಮೂರು ಹೆಸರೂ ಒಂದೇ ಪಡಿತರ ಚೀಟಿಯಲ್ಲಿ ಕಂಡರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಮೊಮ್ಮಗನಿಗೆ ಹೆಸರು ಹುಡುಕುವಾಗ ಆ ಮನೆಯಲ್ಲಿ ನಡೆದಿರಬಹುದಾದ ಮಾತುಕತೆಯೂ ಎಲ್ಲರಿಗೂ ಗೊತ್ತಿರುವಂಥದೇ. ‘ತಾತನ ಹೆಸರೇ ಇಡೋಣ’ ಅಂತ ಹಿರಿಯರು. ‘ಅದು ಹಳೇ ಹೆಸರಾಯ್ತು, ಸ್ಕೂಲಲ್ಲಿ ಆಡ್ಕೋತಾರೆ’ ಅಂತ ತಾಯಿ. ‘ಚಿಕ್ಕದಾಗಿರಲಿ, ಆದ್ರೆ ಅರ್ಥ ಇರಬೇಕು’ ಅಂತ ತಂದೆ. ಮೊಬೈಲಿನಲ್ಲಿ ನೂರಾರು ಹೆಸರುಗಳ ಪಟ್ಟಿ ತೆರೆದುಕೊಳ್ಳುತ್ತದೆ, ಒಂದೊಂದರ ಮುಂದೆ ಒಂದೊಂದು ಸಾಲಿನ ಅರ್ಥ. ಜೋಯಿಸರು ಶತಭಿಷ ನಕ್ಷತ್ರ, ಮೂರನೆಯ ಪಾದ, ‘ಸಿ’ ಅಕ್ಷರ ಬರುತ್ತದೆ ಅಂದಿರುತ್ತಾರೆ. ಕೊನೆಗೆ ಸಿದ್ಧಾರ್ಥ ಎಲ್ಲರಿಗೂ ಒಪ್ಪಿಗೆಯಾಗುತ್ತದೆ. ಹಳೆಯದನ್ನು ಬಿಟ್ಟು ಹೊಸದನ್ನು ತಂದೆವು ಎಂಬ ಸಮಾಧಾನ ಅವರದು. ತಾತನ ಹೆಸರಿನ ಮುಂದಿನ ತುಂಡು ಮಾತ್ರ ಮಗುವಿನ ಹೆಸರಿನಲ್ಲಿ ಹಾಗೇ ಕೂತಿರುತ್ತದೆ.

ಆ ತುಂಡಿನ ಹಿಂದೆ ಹೋಗಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಹೆಸರಿಗೆ ಅರ್ಥ ಬೇಕು ಅಂತ ಇಷ್ಟೊಂದು ಆಸ್ಥೆಯಿಂದ ಹುಡುಕುವ ಈ ಕಾಲದಲ್ಲಿ, ನಮ್ಮ ಜಿಲ್ಲೆಯ ಅತ್ಯಂತ ಅರ್ಥಭರಿತ ಹೆಸರನ್ನು ‘ಹಳೇದು’ ಎಂಬ ಒಂದೇ ಮಾತಿನಲ್ಲಿ ಪಕ್ಕಕ್ಕೆ ಸರಿಸುತ್ತಿದ್ದೇವೆ ಎಂಬ ಸಂಕಟವೂ ಅದರ ಜೊತೆಗಿದೆ.

ಸಿದ್ಧ ಸಂಸ್ಕೃತದ ಶಬ್ದ. ‘ಸಿಧ್’ ಎಂಬ ಧಾತುವಿಗೆ ಗುರಿ ಮುಟ್ಟು, ಕೈಗೂಡು ಎಂಬ ಅರ್ಥ. ಅದರಿಂದ ಹುಟ್ಟಿದ ಕೃದಂತ ರೂಪ ಸಿದ್ಧ: ಕೈಗೂಡಿದ್ದು, ಪೂರ್ತಿಯಾದದ್ದು, ಹದಕ್ಕೆ ಬಂದದ್ದು. ಬೆಂದ ಅಡುಗೆಗೆ ಸಂಸ್ಕೃತದಲ್ಲಿ ಸಿದ್ಧಾನ್ನ ಅನ್ನುತ್ತಾರೆ. ತಪಸ್ಸಿನಲ್ಲಿ ಪಕ್ವವಾದವನೂ ಸಿದ್ಧ, ಒಲೆಯ ಮೇಲೆ ಪಕ್ವವಾದದ್ದೂ ಸಿದ್ಧ. ಕನ್ನಡ ಈ ಮಾತನ್ನು ಪಡೆದು ಬಗೆಬಗೆಯಾಗಿ ಬಳಸಿತು. ಸಿದ್ಧತೆ, ಸಿದ್ಧಪಡಿಸು, ಸಿದ್ಧಹಸ್ತ, ಸ್ವತಃಸಿದ್ಧ, ಜನ್ಮಸಿದ್ಧ ಹಕ್ಕು, ಸಿದ್ಧ ಉಡುಪು. ಇವೆಲ್ಲ ಪತ್ರಿಕೆಯಲ್ಲಿ, ಭಾಷಣದಲ್ಲಿ, ಅಂಗಡಿಯ ಫಲಕದಲ್ಲಿ ಇವೆ. ಮನೆಯೊಳಗೆ ಮಾತ್ರ ‘ಊಟ ರೆಡಿ’, ‘ನೀನಿನ್ನೂ ರೆಡಿ ಆಗಿಲ್ವಾ?’ ಗುಬ್ಬಿಯ ಯಾವ ತಾಯಿಯೂ ಮಗನನ್ನು ‘ಊಟ ಸಿದ್ಧ, ಬಾ’ ಅಂತ ಕರೆಯುವುದಿಲ್ಲ. ಆದರೆ ಅದೇ ತಾಯಿ ‘ಸಿದ್ದಾ, ಊಟಕ್ಕೆ ಬಾರೋ’ ಅಂತ ಕರೆಯಬಹುದು. ಮಾತಿನಲ್ಲಿ ಸವೆದುಹೋದ ಶಬ್ದ ಹೆಸರಿನಲ್ಲಿ ಉಳಿದುಕೊಂಡಿತು.

ಇಲ್ಲೊಂದು ತೊಡಕು ಇದೆ, ಅದೇ ನನ್ನನ್ನು ಈ ಶಬ್ದದ ಬೆನ್ನು ಹತ್ತಿಸಿದ್ದು. ಸಿದ್ಧ ಎಂದರೆ ಆಗಲೇ ಸಾಧಿಸಿ ಮುಗಿಸಿದವನು. ತೊಟ್ಟಿಲಿನಲ್ಲಿ ಮಲಗಿರುವ ಹನ್ನೊಂದು ದಿನದ ಕೂಸು ಇನ್ನೂ ಕತ್ತೂ ನಿಲ್ಲಿಸಿಲ್ಲ. ವೀರ, ಧೀರ, ಜಯ ಎಂಬ ಹೆಸರುಗಳಲ್ಲಿ ಮುಂದೆ ಹೀಗಾಗಲಿ ಎಂಬ ಹಾರೈಕೆ ಕಾಣುತ್ತದೆ. ಸಿದ್ಧ ಎಂಬುದರಲ್ಲಿ ‘ಆಗಲಿ’ ಇಲ್ಲ, ‘ಆಯಿತು’ ಇದೆ. ಏನೂ ಆಗಿಲ್ಲದ ಮಗುವಿಗೆ ‘ಆಯಿತು’ ಎಂಬ ಹೆಸರನ್ನು ಶತಮಾನಗಳಿಂದ ಏಕೆ ಇಟ್ಟುಕೊಂಡು ಬಂದೆವು?

ಶಬ್ದದ ಹಳೆಯ ಬದುಕನ್ನು ನೋಡಿದರೆ ಅದು ನಮ್ಮ ನಾಡಿನಲ್ಲಿ ಮನುಷ್ಯರ ಹೆಸರಾಗಿ ಬೇರೂರುವುದಕ್ಕಿಂತ ಬಹಳ ಮೊದಲು ಶುಭಾರಂಭದ ಮಾತಾಗಿತ್ತು. ಕಲ್ಲಿನ ಮೇಲೆ ಬರಹ ಕೊರೆಯುವವರು ಮೊದಲು ‘ಸಿದ್ಧಂ’ ಅಂತ ಕೆತ್ತಿ ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಕದಂಬರ ಕಾಲದ ತಾಳಗುಂದದ ಕಂಬದ ಶಾಸನ, ಶಿಕಾರಿಪುರ ತಾಲ್ಲೂಕಿನದು, ಶುರುವಾಗುವುದೇ ಸಿದ್ಧಂ ಎಂಬ ಮಾತಿನಿಂದ, ಆಮೇಲೆ ಶಿವನಿಗೆ ನಮಸ್ಕಾರ. ಮಕ್ಕಳಿಗೆ ಅಕ್ಷರ ಕಲಿಸುವಾಗಲೂ ಹಾಗೆಯೇ. ಮರಳಿನ ಮೇಲೆ ಬೆರಳಿಟ್ಟು ಮೊದಲು ತಿದ್ದುತ್ತಿದ್ದದ್ದು ಓಂ ನಮಃ ಎಂದು ಶುರುವಾಗಿ ಸಿದ್ಧಂ ನಮಃ ಎಂದು ಮುಗಿಯುವ ಪಾಠ. ‘ಅವನಿಗೆ ಅದರ ಓನಾಮವೂ ಗೊತ್ತಿಲ್ಲ’ ಅಂತ ನಾವು ಈಗಲೂ ಅನ್ನುವುದು ಅದೇ ಮೊದಲ ಪಾಠವನ್ನು ನೆನೆದು. ಬೌದ್ಧ ಭಿಕ್ಷುಗಳ ಜೊತೆ ಈ ಮಾತು ಚೀನಾಕ್ಕೆ ಹೋಯಿತು, ಅಲ್ಲಿಂದ 806ರಲ್ಲಿ ಊರಿಗೆ ಮರಳಿದ ಕೂಕೈ ಎಂಬ ಭಿಕ್ಷುವಿನ ಜೊತೆ ಜಪಾನಿಗೆ. ಅಕ್ಷರಮಾಲೆಯ ತಲೆಯ ಮೇಲೆ ಸಿದ್ಧಂ ಎಂದು ಬರೆಯುತ್ತಿದ್ದುದರಿಂದ ಆ ಲಿಪಿಗೇ ಸಿದ್ಧಂ ಎಂಬ ಹೆಸರು ನಿಂತಿತು. ಜಪಾನಿನ ದೇವಾಲಯಗಳಲ್ಲಿ, ಸತ್ತವರಿಗಾಗಿ ನೆಡುವ ಮರದ ಹಲಗೆಗಳ ಮೇಲೆ, ಇವತ್ತಿಗೂ ಆ ಲಿಪಿಯ ಬೀಜಾಕ್ಷರಗಳನ್ನು ಬರೆಯುತ್ತಾರೆ.

ಜೈನರಲ್ಲಿ ಸಿದ್ಧ ಎಂದರೆ ಕರ್ಮವನ್ನೆಲ್ಲ ಕಳೆದುಕೊಂಡು ಮುಕ್ತನಾದ ಜೀವ. ಅವರ ಪಂಚನಮಸ್ಕಾರದಲ್ಲಿ ಅರಿಹಂತರ ನಂತರದ ನಮಸ್ಕಾರ ಸಿದ್ಧರಿಗೆ. ನಾಥಪಂಥದಲ್ಲಿ, ರಸವಿದ್ಯೆಯ ಕಥೆಗಳಲ್ಲಿ, ತಮಿಳುನಾಡಿನ ಸಿತ್ತರ್ ಪರಂಪರೆಯಲ್ಲಿ ಸಿದ್ಧರು ಗುಡ್ಡ, ಗವಿಗಳಲ್ಲಿ ಇದ್ದುಕೊಂಡು ಗಿಡಮೂಲಿಕೆ ಬಲ್ಲವರು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದಲ್ಲಿ ಅವರ ನೆನಪು ಇನ್ನೂ ಹಸಿಯಾಗಿದೆ. ಗವಿಯಲ್ಲಿ ಸಿದ್ಧೇಶ್ವರ, ಗವಿಯೊಳಗೆ ನೀರು, ಬೆಟ್ಟದ ತುಂಬ ಮದ್ದಿನ ಗಿಡ. ಕಾಯಿಲೆ ವಾಸಿಯಾಗಲಿ ಅಂತ ಬೆಟ್ಟ ಹತ್ತುವವರು ಈಗಲೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿ ಜನರ ಹೆಸರಿಗೂ ಈ ಸಿದ್ಧನಿಗೂ ನಂಟಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅದು ಅರಬ್ಬಿಯ ‘ಸಯ್ಯಿದಿ’ ಎಂಬ ಗೌರವದ ಮಾತಿನಿಂದ ಬಂದದ್ದೆಂದು ತಿಳಿದವರು ಹೇಳುತ್ತಾರೆ. ಕಿವಿಗೆ ಒಂದೇ, ಮೂಲ ಬೇರೆ.

ಮನುಷ್ಯರ ಹೆಸರಾಗಿ ಈ ಮಾತು ಕನ್ನಡನಾಡಿನಲ್ಲಿ ಬಲವಾಗಿ ಬೇರೂರಿದ್ದು ಹನ್ನೆರಡನೆಯ ಶತಮಾನದ ಆಸುಪಾಸಿನಲ್ಲಿ, ರೇವಣಸಿದ್ಧ, ಸೊನ್ನಲಿಗೆಯ ಸಿದ್ಧರಾಮರಂಥವರಿಂದ. ರಾಘವಾಂಕ ಬರೆದ ಸಿದ್ಧರಾಮನ ಕಥೆಯಲ್ಲಿ ಹೆಸರಿಡುವ ಪ್ರಸಂಗ ಇದೆ. ಹುಟ್ಟಿದ ಮಗುವಿಗೆ ತಂದೆತಾಯಿ ಮೊದಲು ಇಟ್ಟದ್ದು ಮನೆದೇವರಾದ ಧೂಳಿಮಾಕಾಳನ ಹೆಸರನ್ನು. ಸಿದ್ಧರಾಮ ಎಂಬ ಹೆಸರು ಗುರುವಿನ ಮಾತಿನಿಂದ, ಅವನ ಬದುಕಿನಿಂದ ಬಂದದ್ದು. ಮನೆಯವರು ಇಟ್ಟದ್ದು ಒಂದು, ಲೋಕ ಕರೆದದ್ದು ಒಂದು. ಈ ಕಥೆ ನಮ್ಮ ನಾಡಿನಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಹುಡುಗನಿಗೆ ಮನೆಯವರು ಇಟ್ಟ ಹೆಸರು ಶಿವಣ್ಣ. 1930ರಲ್ಲಿ ಸನ್ಯಾಸ ಪಡೆದ ಮೇಲೆ ಅವರು ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ. ಮುತ್ತತ್ತಿರಾಯನಿಗೆ ಹರಕೆ ಹೊತ್ತು ಪಡೆದ ಮಗನೆಂದು ಗಾಜನೂರಿನಲ್ಲಿ ಇಟ್ಟ ಹೆಸರು ಮುತ್ತುರಾಜ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿದ ಆ ಹುಡುಗ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ಆದರು. ತೆರೆಯ ಮೇಲೆ ಹೊಸ ಹೆಸರು ಬಂದರೂ ಅಪ್ಪ ಅಮ್ಮನ ಹರಕೆ ಮುತ್ತುರಾಜನಲ್ಲಿ ಉಳಿದಿತ್ತು.

ಈಗ ನಮ್ಮ ಮೂರು ಊರಿಗೆ ಬರುತ್ತೇನೆ. ಹರದನಹಳ್ಳಿಯ ಗೋಸಲ ಪರಂಪರೆಯ ಚನ್ನಬಸವೇಶ್ವರರು ನೆಲೆಸಿ ಸಮಾಧಿಯಾದದ್ದು ಗುಬ್ಬಿಯಲ್ಲಿ. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿ ಕೂಡ ಆ ಚನ್ನಬಸವೇಶ್ವರನ ಹೆಸರನ್ನೇ ಹೊತ್ತಿತ್ತು. ಅವರ ಶಿಷ್ಯ ಸಿದ್ಧಲಿಂಗರು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತರು, ಅದಕ್ಕೇ ತೋಂಟದ ಸಿದ್ಧಲಿಂಗ. ಮೈಮೇಲೆ ಹುತ್ತ ಬೆಳೆಯಿತು, ಹಸುವೊಂದು ದಿನವೂ ಬಂದು ಅದರ ಮೇಲೆ ಹಾಲು ಸುರಿಸಿ ಹೋಗುತ್ತಿತ್ತು ಎಂಬ ಕಥೆಯನ್ನು ಆ ಕಡೆಯ ಮಕ್ಕಳೂ ಹೇಳುತ್ತಾರೆ. ಏಳುನೂರು ವಚನಗಳ ಕರ್ತೃ ಅವರು, ಶೂನ್ಯಸಂಪಾದನೆಯ ಪರಂಪರೆಯಲ್ಲಿ ಬಹಳ ದೊಡ್ಡ ಹೆಸರು. ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿ ಹೊಂದಿದರು. ಅದೇ ಗೋಸಲ ಪರಂಪರೆಯ ಸಿದ್ಧೇಶ್ವರರು ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಬೆಟ್ಟದಲ್ಲಿ ನೆಲೆಸಿದ್ದರು. ಬಾಯಾರಿದವರಿಗಾಗಿ ಅವರು ಬಂಡೆಗೆ ಮೊಣಕಾಲು ತಾಗಿಸಿದಾಗ ಗಂಗೆ ಚಿಮ್ಮಿತು, ಅದೇ ಸಿದ್ಧಗಂಗೆ ಎನ್ನುತ್ತದೆ ಐತಿಹ್ಯ. ಗುಬ್ಬಿಯಲ್ಲಿ ಗುರು, ಕುಣಿಗಲ್ ಸೀಮೆಯಲ್ಲಿ ಶಿಷ್ಯ, ತುಮಕೂರಿನಲ್ಲಿ ಅದೇ ಮನೆತನದ ಗಂಗೆ. ಒಂದು ದಿನದಲ್ಲಿ ಮೂರನ್ನೂ ನೋಡಿ ಬರಬಹುದಾದಷ್ಟು ಹತ್ತಿರ.

ಆದ್ದರಿಂದ ಈ ಕಡೆ ಸಿದ್ದ ಎಂಬ ಹೆಸರಿನ ಹಿಂದೆ ಏನು ಅಂಟಿಕೊಂಡಿದೆ ಎಂದು ನೋಡಿದರೆ ಆ ಮನೆಯವರು ಯಾವ ದಾರಿ ಹಿಡಿದು ಹೋಗಿ ಹರಕೆ ಕಟ್ಟಿದ್ದರು ಎಂಬುದನ್ನು ಹೆಚ್ಚುಕಡಿಮೆ ಹೇಳಬಹುದು. ಸಿದ್ದಗಂಗಯ್ಯ, ಸಿದ್ದಗಂಗಮ್ಮ ಎಂದರೆ ಕ್ಯಾತ್ಸಂದ್ರದ ಬೆಟ್ಟ. ಸಿದ್ದಲಿಂಗಯ್ಯ, ಸಿದ್ದಲಿಂಗಪ್ಪ, ಸಿದ್ದಲಿಂಗಮ್ಮ ಎಂದರೆ ಎಡೆಯೂರು. ಸಿದ್ದರಾಮಯ್ಯ, ಸಿದ್ದರಾಮಣ್ಣ ಎಂದರೆ ಗುಬ್ಬಿ, ತಿಪಟೂರು, ತುರುವೇಕೆರೆ ಕಡೆಯ ನೊಳಂಬ ಮನೆಯಿರಬಹುದು, ಅವರಿಗೆ ಸಿದ್ಧರಾಮೇಶ್ವರರೇ ಕುಲಗುರು, ಸಂಕ್ರಾಂತಿಯ ಹೊತ್ತಿಗೆ ಅವರ ಜಯಂತಿ. ಮೈಸೂರು ಸೀಮೆಗೆ ಇಳಿದರೆ ಅದೇ ಸಿದ್ದರಾಮ ಬೇರೆ ಮನೆಗಳ ದೇವರು, ಸಿದ್ದರಾಮನಹುಂಡಿ ಎಂಬ ಊರೇ ಇದೆ. ರೇವಣಸಿದ್ದಯ್ಯ ಎಂದರೆ ಹಾಲುಮತದ ನೆನಪು. ಬರೀ ಸಿದ್ದಯ್ಯ, ಸಿದ್ದಮ್ಮ ಎಂದರೆ ಮಂಟೇಸ್ವಾಮಿಯ ಶಿಷ್ಯ, ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಇರಬಹುದು, ಊರಿನದೇ ಗವಿಸಿದ್ದ ಇರಬಹುದು. ಇಷ್ಟು ಜಾತಿ, ಇಷ್ಟು ಮತ, ಇಷ್ಟು ಕಸುಬಿನವರು ಹಂಚಿಕೊಂಡ ಹೆಸರಿನ ಬೇರು ಕನ್ನಡದಲ್ಲಿ ಹೆಚ್ಚಿಲ್ಲ.

ಮೇಲಿನ ತೊಡಕಿಗೆ ಉತ್ತರ ಹರಕೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಹರಕೆ ಹೇಗೆ ನಡೆಯುತ್ತದೆ ನೋಡಿ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿಲ್ಲ, ಅಥವಾ ಹುಟ್ಟಿದ್ದು ಉಳಿದಿಲ್ಲ. ಮನೆಯ ಹಿರಿಯಳು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿಡುತ್ತಾಳೆ: ‘ಎಡೆಯೂರು ಸಿದ್ದಲಿಂಗಪ್ಪ, ಒಂದು ಕೂಸು ಕೊಡಪ್ಪಾ, ನಿನ್ನ ಹೆಸರೇ ಇಡ್ತೀವಿ.’ ಕೂಸು ಹುಟ್ಟುತ್ತದೆ. ಕೂದಲು ಬೆಳೆದ ಮೇಲೆ ಜವಳ ತೆಗೆಸಲು ಅಲ್ಲಿಗೇ ಹೋಗುತ್ತಾರೆ, ಕಟ್ಟಿದ್ದ ಕಾಸು ಹುಂಡಿಗೆ ಬೀಳುತ್ತದೆ. ಸಿದ್ಧಿಸಿದ್ದು ಮಗುವಿನ ಸಾಧನೆಯಲ್ಲ, ತಾಯಿಯ ಬೇಡಿಕೆ. ‘ಆಯಿತು’ ಎನ್ನುವುದು ಮಗುವಿನ ಬಗ್ಗೆ ಅಲ್ಲ, ಅದನ್ನು ಪಡೆದವರ ಬಗ್ಗೆ. ಆ ಮನೆಯಲ್ಲಿ ಸಿದ್ದ ಎಂದು ಕೂಗಿದಾಗಲೆಲ್ಲ ಹಿಂದಿನ ಆ ಕಾಯುವಿಕೆ, ಆ ಕಾಸಿನ ಗಂಟು, ಆ ಬೇಡಿಕೆ ಕೇಳಿಸಿದವರಿಗೆ ಕೇಳಿಸುತ್ತಿತ್ತು. ಮೊಬೈಲಿನ ಪಟ್ಟಿಯಲ್ಲಿ ಈ ಹೆಸರಿನ ಮುಂದೆ ‘ಸಾಧಿಸಿದವನು’ ಎಂದಷ್ಟೇ ಇರುತ್ತದೆ.

ಹೆಸರಿಡುವ ದಿನವನ್ನು ಹತ್ತಿರದಿಂದ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ತೊಟ್ಟಿಲಿಗೆ ಹೂವು ಸುತ್ತಿರುತ್ತದೆ, ಕೂಸಿಗಿಂತ ಮೊದಲು ಗುಂಡುಕಲ್ಲನ್ನೋ ರುಬ್ಬುವ ಗುಂಡನ್ನೋ ಬಟ್ಟೆ ಹೊದಿಸಿ ತೊಟ್ಟಿಲಿಗೆ ಹಾಕಿ ತೆಗೆಯುವ ಮನೆಗಳಿವೆ. ಆಮೇಲೆ ಸೋದರತ್ತೆಯ ಸರದಿ. ಆಕೆ ತೊಟ್ಟಿಲಿಗೆ ಬಾಗಿ, ವೀಳ್ಯದೆಲೆಯನ್ನು ಕೂಸಿನ ಕಿವಿಗೆ ಮರೆ ಹಿಡಿದು, ಹೆಸರನ್ನು ಪಿಸುಗುಟ್ಟುತ್ತಾಳೆ. ಸುತ್ತ ನಿಂತವರಿಗೆ ಕೇಳಿಸಬಾರದು, ಕೂಸಿಗೆ ಮೊದಲು ಕೇಳಿಸಬೇಕು. ಒಮ್ಮೆ ಅಲ್ಲ, ಮೂರು ಸಲ. ಆಮೇಲೇ ‘ಏನಂತೆ ಹೆಸರು?’ ಎಂಬ ಗದ್ದಲ, ಸಕ್ಕರೆ ಹಂಚುವುದು. ಎರಡು ಹೆಸರಿಡುವ ರೂಢಿಯೂ ಉಂಟು. ಒಂದು ಮನೆದೇವರದು ಅಥವಾ ಹರಕೆಯದು, ಅದನ್ನು ಕಿವಿಯಲ್ಲಿ ಹೇಳುತ್ತಾರೆ. ಇನ್ನೊಂದು ಕರೆಯುವುದಕ್ಕೆ, ಬರೆಸುವುದಕ್ಕೆ. ಇಂದಿನ ಎಷ್ಟೋ ಆರ್ಯನ್, ಆರವ್‌ಗಳ ಕಿವಿಯಲ್ಲಿ ಮೊದಲು ಬಿದ್ದದ್ದು ಸಿದ್ದಲಿಂಗ ಎಂಬ ಹೆಸರು. ಮಠಕ್ಕೆ ಮಗುವನ್ನು ಒಯ್ದು ಸ್ವಾಮಿಗಳ ಪಾದದ ಹತ್ತಿರ ಮಲಗಿಸಿ ‘ಬುದ್ದೀ, ಒಂದು ಹೆಸರು ಕೊಡಿ’ ಎಂದು ಕೇಳುವವರೂ ಇದ್ದಾರೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ಮೇಲೆ, ಅವರ ಹುಟ್ಟುಹಬ್ಬದ ದಿನ ಮಠದಲ್ಲಿ ಸಾಮೂಹಿಕ ನಾಮಕರಣ ಮಾಡಿ ಹಲವಾರು ಕೂಸುಗಳಿಗೆ ಶಿವಕುಮಾರ ಎಂದೇ ಹೆಸರಿಟ್ಟದ್ದೂ ನಡೆದಿದೆ. ಅವರ ನಂತರ ಪೀಠದಲ್ಲಿ ಕೂತವರು ಸಿದ್ಧಲಿಂಗ ಸ್ವಾಮೀಜಿ.

ಈ ಹೆಸರಿನ ಇತಿಹಾಸದಲ್ಲಿ ನೋವಿನ ಭಾಗವೂ ಇದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಬೇರು ಎಲ್ಲರದೂ ಒಂದೇ, ಬಾಲ ಒಂದೇ ಅಲ್ಲ. ಉಳ್ಳವರ ಮನೆಯ ಸಿದ್ದನಿಗೆ ಅಯ್ಯ, ಅಪ್ಪ, ಅಣ್ಣ, ಗೌಡ ಯಾವುದಾದರೊಂದು ಹಿಂದೆ ಬರುತ್ತಿತ್ತು. ಕೇರಿಯ ಸಿದ್ದನಿಗೆ ಏನೂ ಇಲ್ಲ. ಎಪ್ಪತ್ತು ದಾಟಿದ ಮುದುಕನನ್ನು ಹತ್ತು ವರ್ಷದ ಹುಡುಗ ‘ಲೇ ಸಿದ್ದ’ ಅಂತ ಕರೆಯುತ್ತಿದ್ದ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸಿದ್ದಯ್ಯ, ಸಿದ್ದಲಿಂಗಯ್ಯ ಎಂದು ಬರೆಸಿದ ದಿನ ಕೇರಿಯ ತಂದೆಯೊಬ್ಬ ಮಗನಿಗೆ ಕೊಟ್ಟದ್ದು ಬರೀ ಎರಡು ಅಕ್ಷರವಲ್ಲ. ಕುಣಿಗಲ್ಲಿಗೆ ಮಗ್ಗುಲಾದ ಮಾಗಡಿ ಸೀಮೆಯಿಂದ ಬಂದ, ‘ಊರು ಕೇರಿ’ಯನ್ನು ಬರೆದ ದಲಿತ ಕವಿಯ ಹೆಸರು ಸಿದ್ದಲಿಂಗಯ್ಯ. ಶಿರಾ ತಾಲ್ಲೂಕಿನಿಂದ ಹೋಗಿ 1972ರಲ್ಲಿ ‘ಬಂಗಾರದ ಮನುಷ್ಯ’ ಮಾಡಿದ ನಿರ್ದೇಶಕರ ಹೆಸರೂ ಸಿದ್ದಲಿಂಗಯ್ಯ. ಈ ಇಬ್ಬರ ಹೆಸರನ್ನು ಕನ್ನಡಿಗರೆಲ್ಲ ಅಯ್ಯ ಸೇರಿಸಿಯೇ ಹೇಳಬೇಕಾಯಿತು. ‘ಹಳೇ ಹೆಸರು’ ಎಂದು ತಳ್ಳುವ ಮೊದಲು ಅದರ ಕೊನೆಯ ಅಕ್ಷರಗಳಿಗಾಗಿ ಯಾರು ಎಷ್ಟು ಕಾದರು ಎಂಬುದನ್ನು ನೆನೆಯಬೇಕೆಂದು ನನ್ನ ಬಯಕೆ.

ಸಿದ್ಧಾರ್ಥ ಎಂಬ ಹೆಸರೂ ತುಮಕೂರಿಗೆ ಬರೀ ಹೊಸ ಕಾಲದ ಗಾಳಿಯಲ್ಲಿ ತೇಲಿ ಬಂದದ್ದಲ್ಲ. ಅಂಬೇಡ್ಕರ್ 1946ರಲ್ಲಿ ಮುಂಬೈಯಲ್ಲಿ ತೆರೆದ ಕಾಲೇಜಿಗೆ ಸಿದ್ಧಾರ್ಥ ಎಂದು ಹೆಸರಿಟ್ಟರು. 1956ರಲ್ಲಿ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದರು. ಅದಾದ ಮೂರೇ ವರ್ಷಕ್ಕೆ, 1959ರಲ್ಲಿ, ತುಮಕೂರಿನಲ್ಲಿ ಎಚ್.ಎಂ. ಗಂಗಾಧರಯ್ಯನವರು ಶ್ರೀ ಸಿದ್ಧಾರ್ಥ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಓದಿನಿಂದ ದೂರ ಇಟ್ಟಿದ್ದ ಮಕ್ಕಳನ್ನು ಓದಿಸಬೇಕೆಂದು ಹೊರಟ ಸಂಸ್ಥೆಗೆ ಬುದ್ಧನ ಬಾಲ್ಯದ ಹೆಸರು. ಇವತ್ತು ಅದರ ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜು ಊರಿನ ಎರಡು ಕಡೆ ಹರಡಿವೆ. ಬಸ್ಸಿನ ಕಂಡಕ್ಟರು ದಿನಕ್ಕೆ ಎಷ್ಟು ಸಲ ‘ಸಿದ್ಧಾರ್ಥ, ಸಿದ್ಧಾರ್ಥ’ ಎಂದು ಕೂಗುತ್ತಾರೋ. ಒಂದು ಕಡೆ ಸಿದ್ಧಗಂಗಾ ಮಠ, ಇನ್ನೊಂದು ಕಡೆ ಸಿದ್ಧಾರ್ಥ. ಎರಡೂ ಮಕ್ಕಳನ್ನು ಓದಿಸಿದ ಊರಿನಲ್ಲಿ ಒಂದೇ ಶಬ್ದ ಎರಡು ದಾರಿಯಿಂದ ಬಂದು ಸೇರಿದೆ.

ಬುದ್ಧನಿಗೆ ಆ ಹೆಸರು ಬಂದದ್ದು ಹೇಗೆ? ಲಲಿತವಿಸ್ತರದ ಕಥೆಯಲ್ಲಿ ಮಗು ಹುಟ್ಟಿದೊಡನೆ ತನ್ನ ಬಯಕೆಗಳೆಲ್ಲ ಈಡೇರಿದವು ಎಂದು ಶುದ್ಧೋದನ ರಾಜ ಅವನಿಗೆ ಸರ್ವಾರ್ಥಸಿದ್ಧ ಎಂದು ಹೆಸರಿಡುತ್ತಾನೆ. ಈಡೇರಿದ್ದು ಕೂಸಿನ ಉದ್ದೇಶವಲ್ಲ, ತಂದೆಯದು. ಹೆಸರಿಟ್ಟ ಆ ತಂದೆ ಕೂಸು ಮುಂದೆ ಬುದ್ಧನಾಗಲೆಂದು ಬಯಸಿರಲಿಲ್ಲ, ಆಗದಿರಲಿ ಎಂದೇ ಅರಮನೆಗೆ ಗೋಡೆ ಕಟ್ಟಿಸಿದ. ಶುದ್ಧೋದನನ ಅರಮನೆಯೂ ಕುಣಿಗಲ್ ಸೀಮೆಯ ಹರಕೆಯ ಮನೆಯೂ ಹೆಸರಿನಲ್ಲಿ ಹೇಳಿದ್ದು ಒಂದೇ ಮಾತನ್ನು: ನಾವು ಬೇಡಿದ್ದು ಸಿಕ್ಕಿತು. ಮಹಾವೀರನ ತಂದೆಯ ಹೆಸರೂ ಸಿದ್ಧಾರ್ಥನೇ. ತಾತ ಸಿದ್ದಲಿಂಗಯ್ಯ, ಮೊಮ್ಮಗ ಸಿದ್ಧಾರ್ಥ ಎಂಬ ಪಡಿತರ ಚೀಟಿಯಲ್ಲಿ ಅರ್ಥ ಎಲ್ಲಿಯೂ ತುಂಡಾಗಿಲ್ಲ. ತುಂಡಾಗಿರುವುದು, ಅಕಸ್ಮಾತ್ ತುಂಡಾಗಿದ್ದರೆ, ಆ ಮನೆಯವರ ನೆನಪು.

ಬರೆಯುವ ವಿಚಾರಕ್ಕೆ ಬಂದರೆ ದ್ಧ ಸರಿಯೋ ದ್ದ ಸರಿಯೋ ಎಂಬ ಜಗಳ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಸಂಸ್ಕೃತದ ಮಹಾಪ್ರಾಣ ಕನ್ನಡದ ತದ್ಭವದಲ್ಲಿ ಅಲ್ಪಪ್ರಾಣವಾಗುವ ಬಗೆಯನ್ನು ವಿವರವಾಗಿ ಹೇಳಿದ್ದಾನೆ. ನಮ್ಮ ನಾಲಗೆಗೆ ಅದು ಸಹಜ. ಬಾಯಲ್ಲಿ ಯಾರೂ ‘ಸಿದ್ಧಲಿಂಗ’ ಎಂದು ಉಸಿರು ಸೇರಿಸಿ ಹೇಳುವುದಿಲ್ಲ. ಅಷ್ಟೇ ಏಕೆ, ನಡುವಿನ ಸ್ವರವೂ ಉಳಿಯುವುದಿಲ್ಲ: ಸಿದ್ಲಿಂಗಣ್ಣ, ಸಿದ್ಗಂಗಮ್ಮ, ಸಿದ್ರಾಮಣ್ಣ. ಶಾಸ್ತ್ರಗ್ರಂಥದ ಸಿದ್ಧಾಂತಕ್ಕೆ, ಸಿದ್ಧಾರ್ಥನಿಗೆ ಮಹಾಪ್ರಾಣ ಇರಲಿ. ಸಿದ್ದಪ್ಪ, ಸಿದ್ದಮ್ಮ, ಸಿದ್ದಲಿಂಗಯ್ಯ ಕನ್ನಡವಾಗಿಬಿಟ್ಟ ಹೆಸರುಗಳು. ಅವುಗಳಿಗೆ ಬಾಲ ಎಳೆದು ತಿದ್ದುವ ಮೇಷ್ಟರ ಕೆಂಪು ಮಸಿ ನನಗೆ ಒಪ್ಪಿಗೆಯಿಲ್ಲ. ಊರೇ ತನ್ನ ಬರಹವನ್ನು ತನ್ನ ಬಾಯಿಗೆ ಹೊಂದಿಸಿಕೊಂಡಿದೆಯಲ್ಲ. 2014ರ ನವೆಂಬರ್ 1ರಂದು ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ಬದಲಿಸಿದಾಗ ತುಮ್ಕೂರ್ ಹೋಗಿ ತುಮಕೂರು ಬಂತು.

ಇಂಗ್ಲಿಷ್ ಬರಹದ ತೊಂದರೆ ಮಾತ್ರ ನಿಜವಾದದ್ದು. ಡಿ ಒಂದೋ ಎರಡೋ, ಎಚ್ ಬೇಕೋ ಬೇಡವೋ, ಕೊನೆಯಲ್ಲಿ ಎ-ಐ-ಎ-ಎಚ್ ಎಂದೋ ಎ-ವೈ-ವೈ-ಎ ಎಂದೋ. ಜನನ ಪತ್ರದಲ್ಲಿ ಒಂದು, ಆಧಾರಿನಲ್ಲಿ ಒಂದು, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮತ್ತೊಂದು ಆಗಿ ಪಾಸ್‌ಪೋರ್ಟಿನ ಹೊತ್ತಿಗೆ ಅಫಿಡವಿಟ್ಟಿಗೆ ಓಡಾಡಿದವರು ಬೇಕಾದಷ್ಟು ಜನ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಹುಟ್ಟನ್ನು 21 ದಿನದೊಳಗೆ ತಿಳಿಸಬೇಕು, ಆದರೆ ಹೆಸರನ್ನು ಅಷ್ಟರಲ್ಲೇ ಹೇಳಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶವಿದೆ. ಆಸ್ಪತ್ರೆಯಲ್ಲಿ ಅರ್ಜಿ ಕೈಗಿಟ್ಟ ತಕ್ಷಣ ಗಡಿಬಿಡಿಯಲ್ಲಿ ಮೊಬೈಲು ತೆರೆಯುವ ತಂದೆತಾಯಿಗೆ ಇದು ಗೊತ್ತಿದ್ದರೆ ಚೆನ್ನ. ಅಜ್ಜಿಯ ಹತ್ತಿರ ಒಂದು ಸಂಜೆ ಕೂತು, ತಾತನಿಗೆ ಆ ಹೆಸರು ಏಕೆ ಇಟ್ಟರು ಎಂದು ಕೇಳುವಷ್ಟು ಸಮಯ ಕಾಯಿದೆಯಲ್ಲೇ ಇದೆ.

ಹೆಣ್ಣುಮಕ್ಕಳ ಹೆಸರಲ್ಲಿ ಈ ಶಬ್ದದ ಗತಿ ಬೇರೆಯಾಗಿದೆ. ಗಂಡು ಹುಡುಗರಿಗೆ ಸಿದ್ಧಾರ್ಥ, ಸಿದ್ಧಾಂತ್, ಸಿದ್ದೇಶ್, ಸಿದ್ದು ಎಂದು ಹೊಸ ರೂಪಗಳು ಬಂದವು. ವಿದೇಶದ ಶಾಲೆಗೆ ಹೋದವನು ಸಿಡ್ ಆದ, ದಂತ್ಯ ಹೋಗಿ ಮೂರ್ಧನ್ಯ ಬಂತು, ಆದರೂ ಬೇರು ಉಳಿಯಿತು. ಸಿದ್ದಗಂಗಮ್ಮನಿಗೆ, ಸಿದ್ದಲಿಂಗಮ್ಮನಿಗೆ ಅಂಥ ಮುಂದುವರಿಕೆ ಸುಲಭವಾಗಿ ಸಿಗಲಿಲ್ಲ. ಗಂಗಾ ಎಂದು ಅರ್ಧ ಉಳಿಸಿಕೊಂಡವರುಂಟು. ಸಿದ್ಧಿ ಎಂದು ಇನ್ನೊಂದು ಅರ್ಧ ಉಳಿಸಿಕೊಂಡವರು ಈಚೆಗೆ ಹೆಚ್ಚಾಗಿದ್ದಾರೆ. ಸಿದ್ಧಿ ಎಂದರೆ ಕೈಗೂಡುವಿಕೆಯೇ, ಗಣಪತಿಯ ಪಕ್ಕದವಳು, ಅವಳಿಗಳು ಹುಟ್ಟಿದರೆ ರಿದ್ಧಿ-ಸಿದ್ಧಿ ಜೋಡಿ. ಸಿದ್ದಗಂಗಮ್ಮ ಎಂಬ ಪೂರ್ತಿ ಹೆಸರು ಅರವತ್ತು ದಾಟಿದವರಲ್ಲಿ ಮಾತ್ರ ಕೇಳಿಬರುತ್ತದೆ. ಗಂಡು ದೇವರ, ಗಂಡು ಗುರುವಿನ ಹೆಸರಿಗೆ ‘ಅಮ್ಮ’ ಸೇರಿಸಿ ಮಗಳಿಗೆ ಇಡುವ ಹಳೆಯ ಪದ್ಧತಿ ನಿಂತುಹೋದದ್ದೂ ಇದಕ್ಕೆ ಕಾರಣ. ಆ ಪದ್ಧತಿಯಲ್ಲಿ ನನಗೆ ಇಷ್ಟವಾಗುವ ಒಂದು ಧಾರಾಳತನ ಇತ್ತು, ಹರಕೆ ಹೊತ್ತವರು ಗಂಡೇ ಬೇಕೆಂದು ಬೇಡಿದ್ದರೂ ಹೆಣ್ಣು ಹುಟ್ಟಿದರೆ ದೇವರಿಗೆ ಕೊಟ್ಟ ಮಾತನ್ನು ಆಕೆಯ ಹೆಸರಿನಲ್ಲೇ ತೀರಿಸುತ್ತಿದ್ದರು. ಸಿದ್ದಲಿಂಗಮ್ಮ ಎಂಬ ಹೆಸರಿನಲ್ಲಿ ಸಿದ್ದಲಿಂಗಯ್ಯ ಎಂಬುದಕ್ಕಿಂತ ಒಂದು ಹಿಡಿ ಹೆಚ್ಚೇ ಒಪ್ಪಿಗೆ ಇದೆ.

ಈಗ ತುಮಕೂರಿನ ಆಸ್ಪತ್ರೆಗಳಲ್ಲಿ ಹುಟ್ಟುವ ಹೆಣ್ಣುಮಕ್ಕಳಿಗೆ ಸಿದ್ಧಿಗಂಗಾ, ಗಂಗಾಸಿದ್ಧಿ, ಸಿದ್ಧಶ್ರೀ ಎಂದು ಕೂಡಿಸಿ ನೋಡುವ ತಂದೆತಾಯಿಯರಿದ್ದಾರೆ. ಕೆಲವು ಕಿವಿಗೆ ಹಿತ, ಕೆಲವು ಇನ್ನೂ ಹದಕ್ಕೆ ಬಂದಿಲ್ಲ. ನನ್ನನ್ನು ಕೇಳಿದರೆ ಸಿದ್ದಗಂಗಾ ಎಂಬುದೇ ಸಾಕು, ಐದು ಮಾತ್ರೆಯೊಳಗೆ ಮುಗಿಯದಿದ್ದರೂ ಶಾಲೆಯ ಹಾಜರಿ ಪುಸ್ತಕದಲ್ಲಿ ಹಿಡಿಸುತ್ತದೆ, ಬೆಟ್ಟದ ಮೇಲಿನ ನೀರಿನ ಹೆಸರು, ಅಜ್ಜಿಯ ಹೆಸರಿನ ಬಹುಪಾಲು. ‘ಅಮ್ಮ’ ಎಂಬುದು ಆಕೆ ಬೆಳೆದ ಮೇಲೆ ಊರಿನವರೇ ಸೇರಿಸಲಿ.